ಬಯೋಟೆಕ್‌ಗೆ ಬಿಇನೇ ಆಗಬೇಕೇನು?

ನಾನು ಬಿಇ ಬಯೋಟೆಕ್ನಾಲಜಿ ವಿದ್ಯಾರ್ಥಿ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ‘ಅಣ್ಣಾ, ಬಯೋಟೆಕ್ ಕೆಲಸಕ್ಕ ಬಿಇನೇ ಆಗಬೇಕೇನು? ಬೆಂಗಳೂರಿಗೇ ಹೋಗಬೇಕೇನು?’

ಸಂಶೋಧನೆ ಮಾಡಬೇಕೆಂದರೆ ದೊಡ್ಡ ಪದವಿ ಬೇಕು. ಉತ್ಪಾದನಾ ವಿಭಾಗದ ತಂತ್ರಜ್ಞನಾಗಲು ಬೇರೆ ದಾರಿಗಳೂ ಇವೆ. ಆ ಕೆಲಸದ ಮೊದಲ ಪಾಠ ನಮ್ಮ ಮನೆ ಬಾಗಿಲಲ್ಲೇ ಇದೆ.

ಆಳಂದದ ಭೂಸನೂರ, ಅಫಜಲಪುರದ ಹವಳಗಾ, ಜೇವರ್ಗಿ ಕಡೆಯ ಮಳ್ಳಿ, ಈ ಮೂರೂ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಹವಳಗಾದಲ್ಲಿ ಡಿಸ್ಟಿಲರಿಯೂ ಇದೆ. ಡಿಸ್ಟಿಲರಿಯಲ್ಲಿ ಕಾಕಂಬಿಯನ್ನು ಎಥೆನಾಲ್ ಮಾಡುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. ಲೆಕ್ಕದ ಪ್ರಕಾರ 180 ಗ್ರಾಂ ಗ್ಲೂಕೋಸ್‌ನಿಂದ 92 ಗ್ರಾಂ ಎಥೆನಾಲ್ ಬರಬೇಕು. ಟ್ಯಾಂಕಿನಲ್ಲಿ ಅಷ್ಟು ಬರುವುದಿಲ್ಲ. ಉಷ್ಣಾಂಶ 35 ಡಿಗ್ರಿ ದಾಟಿದರೆ ಸಾಮಾನ್ಯ ಯೀಸ್ಟ್ ಬಳಲುತ್ತದೆ. ನಮ್ಮ ಬೇಸಿಗೆಯೋ 40 ದಾಟುತ್ತದೆ. ಟ್ಯಾಂಕ್ ತಂಪಾಗಿಡುವುದು, ಪಿಎಚ್ ನೋಡುವುದು, ಸ್ಯಾಂಪಲ್ ತೆಗೆಯುವುದು, ಎಲ್ಲವನ್ನೂ ಗಂಟೆಗಂಟೆಗೆ ಬರೆದಿಡುವುದು ತಂತ್ರಜ್ಞನ ಕೆಲಸ.

ಇದೇ ಕೆಲಸ ಔಷಧ ಕಾರ್ಖಾನೆಯಲ್ಲಿ ಇನ್ನಷ್ಟು ಕಟ್ಟುನಿಟ್ಟಾಗುತ್ತದೆ. 1978ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಆರಂಭಿಸಿದ ಬಯೋಕಾನ್, ಪಪ್ಪಾಯಿಯ ಕಿಣ್ವ ತೆಗೆಯುವುದರಿಂದ ಶುರುವಾಗಿ 2004ರಲ್ಲಿ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಅದನ್ನು ತಯಾರಿಸಿದ್ದೂ ಯೀಸ್ಟೇ, ಜಾತಿ ಮಾತ್ರ ಬೇರೆ. ಅಲ್ಲಿ ಟ್ಯಾಂಕನ್ನು 121 ಡಿಗ್ರಿ ಹಬೆಯಿಂದ ಕ್ರಿಮಿಶುದ್ಧ ಮಾಡಬೇಕು. ಏಕೆಂದರೆ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಒಂದೇ ಒಂದು ಬ್ಯಾಕ್ಟೀರಿಯಾ ಒಳಹೊಕ್ಕರೂ 8 ಗಂಟೆಯ ಪಾಳಿ ಮುಗಿಯುವಷ್ಟರಲ್ಲಿ 1.6 ಕೋಟಿ ದಾಟಬಲ್ಲದು. ಇಡೀ ಬ್ಯಾಚ್ ಚರಂಡಿಗೆ! ಹಾಗಾಗಿ ಇಲ್ಲಿ ರ‍್ಯಾಂಕಿಗಿಂತ ಶಿಸ್ತಿಗೆ ಬೆಲೆ ಹೆಚ್ಚು. ‘ಬರೆಯದಿದ್ದರೆ ಮಾಡಿಲ್ಲವೆಂದೇ ಲೆಕ್ಕ’ ಎಂಬುದು ಈ ಉದ್ಯಮದ ಗಾದೆ.

ಇದಕ್ಕೆ ದಾರಿ ಯಾವುದು? ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐನಲ್ಲಿ ‘ಅಟೆಂಡೆಂಟ್ ಆಪರೇಟರ್ ಕೆಮಿಕಲ್ ಪ್ಲಾಂಟ್’ ಎಂಬ 2 ವರ್ಷದ ಟ್ರೇಡ್ ಇದೆ. ಎಲ್ಲ ಐಟಿಐಗಳಲ್ಲಿ ಸಿಗುವುದಿಲ್ಲ, ವಿಚಾರಿಸಿ. ಕೆಮಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಅಥವಾ ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ ಇರುವ ಬಿಎಸ್ಸಿಯೂ ಆದೀತು. ಪದವಿಯ ನಂತರ ಡಿಸ್ಟಿಲರಿ ಕಡೆಗೇ ಹೋಗುವವರಿಗೆ ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆಯಲ್ಲಿ ಹುದುಗುವಿಕೆ ಮತ್ತು ಆಲ್ಕೋಹಾಲ್ ತಂತ್ರಜ್ಞಾನದ ಸ್ನಾತಕೋತ್ತರ ಡಿಪ್ಲೊಮಾ ಇದೆ. ಓದು ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತಲೇ ಕಾರ್ಖಾನೆಯಲ್ಲಿ ಕೆಲಸ ಕಲಿಯಬಹುದು.

ಒಂದು ಎಚ್ಚರಿಕೆ. 371ಜೆ ಕಲಂ ನಮಗೆ ಕಾಲೇಜು ಸೀಟಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಕೊಟ್ಟಿದೆ. ಖಾಸಗಿ ಕಾರ್ಖಾನೆಯ ಗೇಟಿನಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಕೈ ಕೆಲಸವೇ ಮಾತನಾಡಬೇಕು. ಆದ್ದರಿಂದ ‘ನೂರಕ್ಕೆ ನೂರು ಜಾಬ್ ಗ್ಯಾರಂಟಿ’ ಎಂದು ಬೋರ್ಡು ಹಾಕಿದ ತರಬೇತಿ ಕೇಂದ್ರಕ್ಕೆ ಅಪ್ಪನ ತೊಗರಿ ಮಾರಿದ ದುಡ್ಡು ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ. ಪ್ರಮಾಣಪತ್ರಕ್ಕೆ ಸರ್ಕಾರದ ಮಾನ್ಯತೆ ಇದೆಯೇ? ಬಯೋರಿಯಾಕ್ಟರನ್ನು ನಾನೇ ಎಷ್ಟು ಗಂಟೆ ನಡೆಸುತ್ತೇನೆ? ಕಳೆದ ಬ್ಯಾಚಿನವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ?

ಉತ್ತರ ತಡವರಿಸಿದರೆ ಎದ್ದು ಬನ್ನಿ. ಆ ದುಡ್ಡು ಐಟಿಐ, ಡಿಪ್ಲೊಮಾ ಫೀಸಿಗೆ ಆಗುತ್ತದೆ.