ದಸ್ತರ್‌ಖಾನ್ ಮಡಚಿಡುವ ಮುನ್ನ

ಜೂನ್ ತಿಂಗಳಲ್ಲಿ ಬಕ್ರೀದ್ ಮುಗಿದ ಮೇಲೆ ಒಗೆದು ಮಡಚಿಟ್ಟ ದಸ್ತರ್‌ಖಾನನ್ನು ನಾವು ಮತ್ತೆ ಹೊರತೆಗೆದದ್ದು ನವೆಂಬರ್‌ನಲ್ಲಿ, ಊರಿಂದ ಖಾಲಾ ಕುಟುಂಬ ಸಮೇತ ಬಂದಾಗ. ಬಿರಿಯಾನಿ ಸಿದ್ಧವಾಗಿತ್ತು, ಮಕ್ಕಳು ಕೈ ತೊಳೆದು ಸಾಲಾಗಿ ಕುಳಿತಿದ್ದರು. ಬಟ್ಟೆ ಬಿಡಿಸಿದೊಡನೆ ಮುಗ್ಗಲು ವಾಸನೆ ಕೋಣೆ ತುಂಬಿತು. ಮಡಿಕೆಯ ಗುಂಟ ಕಪ್ಪು ಚುಕ್ಕೆಗಳು. ಅದು ಅಮ್ಮಿಯ ಕಾಲದ ಬಟ್ಟೆ. ಖಾಲಾ ಏನೂ ಹೇಳಲಿಲ್ಲ. ನಾವು ಅದನ್ನು ಸರಸರನೆ ಸುತ್ತಿ ಬದಿಗಿಟ್ಟು, ಹಳೆಯ ಬೆಡ್‌ಶೀಟ್ ಹಾಸಿ ಊಟ ಬಡಿಸಿದೆವು.

ನೆರೆಹೊರೆಯಲ್ಲಿ ಹೇಳಿಕೊಂಡಾಗ ಇದು ನಮ್ಮೊಬ್ಬರ ಮನೆಯ ಕಥೆಯಲ್ಲ ಎಂದು ತಿಳಿಯಿತು. ಶಿವಾಜಿನಗರದ ಗಲ್ಲಿಗಳ ಮೇಲಂತಸ್ತಿನ ಮನೆಗಳಲ್ಲಿ, ಹಲಸೂರಿನ ಹಳೆಯ ವಠಾರಗಳಲ್ಲಿ, ಕೆ.ಆರ್. ಪುರದ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಎಂದರೆ ಹೆಚ್ಚೆಂದರೆ ಇಬ್ಬರು ನಿಲ್ಲುವ ಜಾಗ. ಒಲೆ, ಸಿಲಿಂಡರ್, ಅಕ್ಕಿಯ ಡಬ್ಬ, ದೇಗಚಿಗಳು ಸೇರಿದರೆ ಕೈ ಆಡಿಸಲೂ ಕಷ್ಟ. ದಸ್ತರ್‌ಖಾನ್‌ಗೆ ಸಿಗುವುದು ಎಲ್ಲಕ್ಕಿಂತ ಕೊನೆಯಲ್ಲಿ ಉಳಿದ ಮೂಲೆ. ಆ ಮೂಲೆ ಸಾಮಾನ್ಯವಾಗಿ ಮನೆಯಲ್ಲೇ ಅತಿ ತೇವದ ಮೂಲೆ ಆಗಿರುತ್ತದೆ.

ಇದು ಬರೀ ಬಟ್ಟೆಯ ತುಂಡು ಎಂದು ನಾವು ಭಾವಿಸುವುದಿಲ್ಲ. ಪ್ರವಾದಿ ಮುಹಮ್ಮದ್(ಸ) ಅವರು ಎತ್ತರದ ಮೇಜಿನ ಮೇಲಿಟ್ಟು ಉಂಡವರಲ್ಲ, ಸುಫ್ರಾ ಹಾಸಿ ಉಂಡರು ಎಂದು ಹಝ್ರತ್ ಅನಸ್(ರ) ಅವರಿಂದ ಬುಖಾರಿಯಲ್ಲಿ ವರದಿಯಾಗಿದೆ. ಸುಫ್ರಾ ಎಂಬ ಪದಕ್ಕೆ ಮೊದಲಿದ್ದ ಅರ್ಥ ಪ್ರಯಾಣದ ಬುತ್ತಿ. ಆಮೇಲೆ ಆ ಬುತ್ತಿಯನ್ನು ಕಟ್ಟಿ ಒಯ್ಯುವ, ಬಿಡಿಸಿದರೆ ಊಟದ ಹಾಸಾಗುವ ಚರ್ಮಕ್ಕೂ ಅದೇ ಹೆಸರಾಯಿತು. ಹಿಜ್ರತ್‌ನ ಹೊತ್ತಿನಲ್ಲಿ ಬುತ್ತಿಯ ಚೀಲದ ಬಾಯಿ ಕಟ್ಟಲು ಹಝ್ರತ್ ಅಸ್ಮಾ(ರ) ತಮ್ಮ ನಡುಪಟ್ಟಿಯನ್ನೇ ಸೀಳಿದ್ದು ನಮಗೆಲ್ಲ ತಿಳಿದ ಸಂಗತಿ. ಊಟದ ಹಾಸನ್ನು ಜೋಪಾನವಾಗಿ ಕಟ್ಟಿಡುವ ಕೆಲಸ ಅಷ್ಟು ಹಳೆಯದು.

ಬಟ್ಟೆ ಏಕೆ ಕೆಡುತ್ತದೆ?

ಹತ್ತಿ ಬಟ್ಟೆ ಕೈಗೆ ಒಣಗಿದಂತೆ ತೋರಿದರೂ ತನ್ನ ತೂಕದ ಶೇ. 7ರಿಂದ 8ರಷ್ಟು ನೀರನ್ನು ಗಾಳಿಯಿಂದ ಹೀರಿ ಇಟ್ಟುಕೊಂಡಿರುತ್ತದೆ. ಅರ್ಧ ಕಿಲೋ ತೂಗುವ ದಸ್ತರ್‌ಖಾನ್‌ನಲ್ಲಿ 35ರಿಂದ 40 ಗ್ರಾಂ ನೀರು ಯಾವಾಗಲೂ ಇರುತ್ತದೆ ಎಂದಾಯಿತು. ಗಾಳಿಯ ತೇವಾಂಶ ಶೇ. 70 ದಾಟಿ ಕೆಲವು ದಿನ ಹಾಗೆಯೇ ನಿಂತರೆ ಬೂಷ್ಟು ಬೆಳೆಯಲು ಅಷ್ಟು ಸಾಕು. ಮಳೆಗಾಲದ ಬೆಳಗಿನ ಹೊತ್ತು ಬೆಂಗಳೂರಿನಲ್ಲಿ ಅದು ಶೇ. 80 ದಾಟುವುದು ಸಾಮಾನ್ಯ. ಅಡುಗೆಮನೆಯಲ್ಲಿ ಕುಕ್ಕರ್‌ನ ಹಬೆಯೂ ಸೇರಿಕೊಳ್ಳುತ್ತದೆ.

ನಮ್ಮ ಊರಿಗೆ ಮುಂಗಾರು, ಹಿಂಗಾರು ಎರಡೂ ಮಳೆ. ಮೇ ತಿಂಗಳಲ್ಲಿ ಶುರುವಾದದ್ದು ಅಕ್ಟೋಬರ್ ದಾಟುತ್ತದೆ; ಸೆಪ್ಟೆಂಬರ್ ಒಂದರಲ್ಲೇ ಸರಾಸರಿ ಸುಮಾರು 200 ಮಿ.ಮೀ. ಸುರಿಯುತ್ತದೆ. ಇನ್ನೊಂದು ಮಾತು: 2025ರಲ್ಲಿ ನಮ್ಮಲ್ಲಿ ಮೊದಲ ರೋಜಾ ಮಾರ್ಚ್ 2ಕ್ಕೆ ಬಂತು. ರಮಝಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಈಗಿನ ವರ್ಷಗಳಲ್ಲಿ ಈದ್, ಬಕ್ರೀದ್ ಮುಗಿಸಿ ಪೆಟ್ಟಿಗೆ ಸೇರುವ ದಸ್ತರ್‌ಖಾನ್ ಇಡೀ ಮಳೆಗಾಲವನ್ನು ಕತ್ತಲಲ್ಲೇ ಕಳೆದು ಮುಂದಿನ ಇಫ್ತಾರ್‌ಗೆ ಹೊರಬರುತ್ತದೆ. ಇಡುವ ದಿನ ಮಾಡಿದ ತಪ್ಪು ಹಾಸುವ ದಿನ ಕಾಣುತ್ತದೆ.

ಎಷ್ಟು ಬೇಕು?

ಮೊದಲು ಲೆಕ್ಕ ಹಾಕೋಣ. ನೆಲದ ಮೇಲೆ ಕುಳಿತು ಉಣ್ಣುವ ಒಬ್ಬರಿಗೆ ಎರಡು ಅಡಿ ಜಾಗ ಸಾಕು. ಆ ಕಡೆ ಮೂವರು, ಈ ಕಡೆ ಮೂವರು ಕೂತರೆ ಆರು ಅಡಿ ಉದ್ದ, ಮೂರು ಅಡಿ ಅಗಲದ ಬಟ್ಟೆ. ದಿನದ ಊಟಕ್ಕೆ ಇಂಥವು ಎರಡು, ಒಂದು ಒಗೆಯಲು ಹೋದಾಗ ಇನ್ನೊಂದು. ಅತಿಥಿಗಳಿಗೆ ಒಂದು. ಹೆಚ್ಚು ಜನ ಬಂದರೆ ಮೂರನ್ನೂ ಉದ್ದಕ್ಕೆ ಜೋಡಿಸಿದರೆ ಹದಿನೆಂಟು ಜನ ಕೂರಬಹುದು. ಅಷ್ಟು ಜನರನ್ನು ಕೂರಿಸುವ ಕೋಣೆಯೇ ನಮ್ಮಲ್ಲಿ ಹಲವರಿಗೆ ಇಲ್ಲ.

ನಮ್ಮ ಪೆಟ್ಟಿಗೆ ಬಗ್ಗಿಸಿದಾಗ ಹನ್ನೊಂದು ಬಟ್ಟೆ ಸಿಕ್ಕವು. ಮದುವೆಯ ಉಡುಗೊರೆ, ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದವು, ಯಾರೋ ಹಜ್‌ನಿಂದ ತಂದುಕೊಟ್ಟದ್ದು. ಒಂದರ ಮೇಲೊಂದು ಒತ್ತಿ ತುಂಬಿದ್ದರಿಂದ ನಡುವೆ ಗಾಳಿಯೇ ಆಡಿರಲಿಲ್ಲ. ಅಮ್ಮಿಯ ಬಟ್ಟೆ ಕೆಟ್ಟದ್ದು ಎಲ್ಲಕ್ಕಿಂತ ಕೆಳಗಿದ್ದುದರಿಂದ. ಹಾಸದೆ ಇಟ್ಟ ಎಂಟು ಬಟ್ಟೆಗಳು ಹಾಸುವ ಬಟ್ಟೆಯನ್ನೇ ಕೆಡಿಸಿದವು. ಇಸ್ರಾಫ್ ಎಂದರೆ ಅನ್ನ ಚೆಲ್ಲುವುದು ಮಾತ್ರ ಎಂದುಕೊಂಡಿದ್ದೆವು.

ಒಗೆಯುವುದು, ಒಣಗಿಸುವುದು

ಎಣ್ಣೆಯ ಕಲೆ ಇರುವ ಬಟ್ಟೆಯನ್ನು ಒಳಗಿಡಬಾರದು. ಇವತ್ತು ಕಾಣದ ಎಣ್ಣೆ ಮೂರು ತಿಂಗಳಲ್ಲಿ ಹಳದಿಗಟ್ಟಿ ಕಮಟು ವಾಸನೆ ಬೀರುತ್ತದೆ, ಜಿರಲೆಯನ್ನೂ ಕರೆಯುತ್ತದೆ. ಸಾಲನ್ ಚೆಲ್ಲಿದ ಕಡೆ ಮೊದಲು ಪಾತ್ರೆ ತೊಳೆಯುವ ದ್ರವ ಹಚ್ಚಿ ಹತ್ತು ನಿಮಿಷ ಬಿಡಿ, ಎಣ್ಣೆ ಹೋಗಲಿ. ಅರಿಶಿನದ ಬಣ್ಣ ನೀರಿಗಿಂತ ಎಣ್ಣೆಯಲ್ಲೇ ಚೆನ್ನಾಗಿ ಕರಗುವುದು. ಎಣ್ಣೆ ಬಿಟ್ಟರೆ ಅದೂ ಸಾಕಷ್ಟು ಬಿಡುತ್ತದೆ. ಬಟ್ಟೆ ಸೋಪು ಹಚ್ಚಿದಾಗ ಕಲೆ ಕೆಂಪಾದರೆ ಗಾಬರಿ ಬೇಡ, ಸೋಪಿನ ಖಾರಕ್ಕೆ ಅರಿಶಿನ ಹಾಗಾಗುತ್ತದೆ. ಉಳಿದ ಹಳದಿಯನ್ನು ಬಿಸಿಲು ತೆಗೆಯುತ್ತದೆ.

ಒಳಗಿಡುವ ಬಟ್ಟೆಗೆ ಗಂಜಿ ಹಾಕಬೇಡಿ. ಗಂಜಿ ಎಂದರೆ ಪಿಷ್ಟ; ಜಿರಲೆಗೂ, ಹಳೆಯ ಪುಸ್ತಕಗಳಲ್ಲಿ ಓಡಾಡುವ ಬೆಳ್ಳಿ ಬಣ್ಣದ ಹುಳುವಿಗೂ ಅದು ಊಟ. ಗಂಜಿ ಬೇಕಿದ್ದರೆ ಹಾಸುವ ಹಿಂದಿನ ದಿನ ಹಾಕಿ.

ಗಲ್ಲಿಯ ಮನೆಗೆ ಬಿಸಿಲು ಸಿಗುವುದು ಕಷ್ಟ ಎಂದು ಗೊತ್ತು. ತಾರಸಿ ಸಿಕ್ಕ ದಿನ ಪೂರ್ತಿ ಒಣಗಿಸಿ. ಸಿಗದಿದ್ದರೆ ಫ್ಯಾನ್ ಕೆಳಗೆ ಒಂದು ರಾತ್ರಿ ಹರಡಿ, ಆಮೇಲೆ ಇಸ್ತ್ರಿ ಮಾಡಿ. ಇಸ್ತ್ರಿಯ ಬಿಸಿ ಇರುವಾಗಲೇ ಪೆಟ್ಟಿಗೆಗೆ ಹಾಕಿದರೆ ಒಳಗಿನ ಹಬೆ ತಣ್ಣಗಾಗಿ ಅಲ್ಲೇ ಪಸೆಯಾಗುತ್ತದೆ. ಒಂದೆರಡು ಗಂಟೆ ಹೊರಗೆ ಆರಲು ಬಿಡಿ.

ಎಲ್ಲಿ ಇಡಬೇಕು?

ಒಲೆಯ ಮೇಲಿನ ಶೆಲ್ಫ್ ಬೇಡ. ಹಬೆ, ಎಣ್ಣೆಯ ಆವಿ ಎರಡೂ ಅಲ್ಲಿಗೇ ಏರುತ್ತವೆ, ಬಟ್ಟೆಯ ತುದಿ ಜಾರಿ ಉರಿಗೆ ತಾಗುವ ಅಪಾಯವೂ ಇದೆ. ಸಿಂಕ್‌ನ ಕೆಳಗೆ ಬೇಡ. ಸಿಲಿಂಡರ್ ಮೇಲೆ ಬಟ್ಟೆ ಪೇರಿಸುವ ಅಭ್ಯಾಸವನ್ನು ಬಿಟ್ಟೇಬಿಡಿ; ಅವಘಡದ ಹೊತ್ತಿನಲ್ಲಿ ರೆಗ್ಯುಲೇಟರ್ ಕೈಗೆ ಸಿಗಬೇಕು. ಮಳೆ ಬಡಿಯುವ ಹೊರಗೋಡೆಗೆ ತಾಗಿಸಿ ಇಡಲೇಬೇಕಾದರೆ ಎರಡು ಬೆರಳು ಜಾಗ ಬಿಡಿ.

ನಮಗೆ ಅನುಕೂಲವಾದದ್ದು ಅಡುಗೆಮನೆ ಬಾಗಿಲ ಹಿಂಭಾಗ. ಬಟ್ಟೆ ಅಂಗಡಿಗಳಲ್ಲಿ ಥಾನು ಮುಗಿದ ಮೇಲೆ ಎಸೆಯುವ ರಟ್ಟಿನ ಕೊಳವೆ ಕೇಳಿದರೆ ಕೊಡುತ್ತಾರೆ. ಬಟ್ಟೆಯನ್ನು ಉದ್ದಕ್ಕೆ ಒಮ್ಮೆ ಮಡಚಿ ಅದಕ್ಕೆ ಸುತ್ತಿ, ಹಳೆಯ ದುಪಟ್ಟಾದಿಂದ ಹೊದಿಸಿ, ಕೊಳವೆಯೊಳಗೆ ಹಗ್ಗ ಪೋಣಿಸಿ ಬಾಗಿಲ ಎರಡು ಕೊಕ್ಕೆಗಳಿಗೆ ಕಟ್ಟಿದೆವು. ಅಂಗೈ ಅಗಲದ ಜಾಗದಲ್ಲಿ ಎರಡು ಸುರುಳಿ ನಿಂತವು. ಹಳೆಯ ಬಟ್ಟೆ ಮೊದಲು ಹರಿಯುವುದು ಮಡಿಕೆಯಲ್ಲಿ; ಸುತ್ತಿಟ್ಟರೆ ಮಡಿಕೆಗಳು ಕಡಿಮೆ. ಬಾಗಿಲು ತೆರೆದು ಮುಚ್ಚುವಾಗ ಗಾಳಿಯೂ ಆಡುತ್ತದೆ. ಅತಿಥಿಗಳ ದಸ್ತರ್‌ಖಾನ್ ಮಲಗುವ ಕೋಣೆಯ ಟ್ರಂಕಿನಲ್ಲಿ, ಎಲ್ಲಕ್ಕಿಂತ ಮೇಲೆ. ಅಡುಗೆಮನೆಯ ಬಟ್ಟೆ ಅಡುಗೆಮನೆಯಲ್ಲೇ ಇರಬೇಕೆಂಬ ನಿಯಮವೇನೂ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ. ಒಳಗಿನ ತೇವಕ್ಕೆ ದಾರಿ ಇರುವುದಿಲ್ಲ.

ಎರಡು ಎಚ್ಚರಿಕೆ

ಹುಳುವಿಗೆಂದು ನುಸಿ ಗುಳಿಗೆ ಹಾಕುವವರು ಹೆಚ್ಚು. ಅವು ನ್ಯಾಫ್ತಲೀನ್‌ನವಾದರೆ ಅನ್ನ ಬಡಿಸುವ ಬಟ್ಟೆಯ ಹತ್ತಿರ ತರಬೇಡಿ. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಶಿಶುಗಳಿಗೆ ಅದರ ಆವಿಯಿಂದಲೇ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು. ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ನೋಡಿದರೆ ತಿಳಿಯುವುದಿಲ್ಲ. ಒಂದೇ ಕೋಣೆಯಲ್ಲಿ ಟ್ರಂಕೂ ತೊಟ್ಟಿಲೂ ಇರುವ ನಮ್ಮ ಮನೆಗಳಲ್ಲಿ ಇದು ದೊಡ್ಡ ಮಾತು. ಬಿಸಿಲಿನಲ್ಲಿ ಒಣಗಿಸಿದ ಬೇವಿನ ಎಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಡಿ. ಅದೂ ಸಹಾಯಕ ಮಾತ್ರ. ಶುಚಿಯಾಗಿ ಒಣಗಿದ ಬಟ್ಟೆಯೇ ಮುಖ್ಯ.

ಎರಡನೆಯದು, ಇಷ್ಟೆಲ್ಲ ಯಾರು ಮಾಡುತ್ತಾರೆ ಎಂದು ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಉಂಡು, ಸುತ್ತಿ ಎಸೆಯುವುದು. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜೊತೆಗೆ ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ಹೆಸರಿಸಿ ನಿಷೇಧಿಸಿತು. ಮೂವತ್ತು ಇಫ್ತಾರ್‌ಗೆ ಮೂವತ್ತು ಹಾಳೆ ನಮ್ಮದೇ ಗಲ್ಲಿಯ ಮೋರಿ ಸೇರಿದರೆ, ಮಳೆ ಬಂದ ದಿನ ನೀರು ನಮ್ಮದೇ ಹೊಸ್ತಿಲು ದಾಟುತ್ತದೆ.

ನಾವು ಹನ್ನೊಂದರಲ್ಲಿ ಏಳನ್ನು ಒಗೆದು ಒಣಗಿಸಿ, ಹೊಸದಾಗಿ ಮನೆ ಹೂಡಿದ ಇಬ್ಬರಿಗೂ ಮೊಹಲ್ಲಾದ ಮಸೀದಿಯ ಇಫ್ತಾರ್‌ಗೂ ಕೊಟ್ಟೆವು. ಮೂರು ಉಳಿಸಿಕೊಂಡೆವು. ಅಮ್ಮಿಯ ಬಟ್ಟೆಯನ್ನು ಸೋಪಿನಲ್ಲಿ ನೆನೆಸಿ ಎರಡು ದಿನ ಬಿಸಿಲಿಗೆ ಹಾಕಿದ ಮೇಲೆ ವಾಸನೆ ಹೋಯಿತು, ಚುಕ್ಕೆಗಳು ಹೋಗಲಿಲ್ಲ. ಮಡಿಕೆಯ ಕೆಟ್ಟ ಭಾಗ ಕತ್ತರಿಸಿ, ಉಳಿದದ್ದಕ್ಕೆ ಅಂಚು ಹೊಲಿದೆವು. ಈಗ ಅದು ಇಬ್ಬರು ಕೂತು ಉಣ್ಣುವಷ್ಟು ಇದೆ. ಸಹರಿಗೆ ಅದನ್ನೇ ಹಾಸುತ್ತೇವೆ.

ನೀವೂ ಈ ವಾರ ಜುಮಾ ಮುಗಿಸಿ ಬಂದ ಮೇಲೆ ನಿಮ್ಮ ಪೆಟ್ಟಿಗೆ ಒಮ್ಮೆ ತೆರೆದು ನೋಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಸಿಲು ಕಂಡ ದಿನ ಬಟ್ಟೆ ಬಿಡಿಸಿ ಗಾಳಿಗೆ ಹಾಕಿ. ಅತಿಥಿ ಬರುವ ದಿನ ತಿಳಿಸಿಯೇ ಬರುವುದಿಲ್ಲ.