ಹೊಲಿಗೆ ಮಷಿನ್ ಮೋಟಾರ್‌ಗೂ ಮರೆವಿನ ಕಾಯಿಲೆಗೂ ನಂಟಿದೆಯೇ?

ದಿನವಿಡೀ ವಿದ್ಯುತ್ ಹೊಲಿಗೆ ಮಷಿನ್ ಮುಂದೆ ಕೂರುವವರಿಗೆ ಮುಪ್ಪಿನಲ್ಲಿ ಮರೆವಿನ ಕಾಯಿಲೆ ಬರುವ ಸಾಧ್ಯತೆ ಹೆಚ್ಚೇ? ಕೇಳಲು ವಿಚಿತ್ರ ಅನ್ನಿಸಿದರೂ 1995ರಿಂದ ಈ ಪ್ರಶ್ನೆ ವಿಜ್ಞಾನಿಗಳ ನಡುವೆ ಚರ್ಚೆಯಲ್ಲಿದೆ.

ಆ ವರ್ಷ ಅಮೆರಿಕದ ಯೂಜೀನ್ ಸೋಬೆಲ್ ಮತ್ತು ಸಂಗಡಿಗರು ಫಿನ್ಲೆಂಡ್ ಹಾಗೂ ಲಾಸ್ ಏಂಜಲೀಸ್‌ನ ಅಲ್ಝೈಮರ್ ರೋಗಿಗಳು ಹಿಂದೆ ಏನು ಕೆಲಸ ಮಾಡುತ್ತಿದ್ದರು ಎಂದು ಕೆದಕಿದರು. ಹೊಲಿಗೆ ಕೆಲಸದವರು ಎದ್ದು ಕಾಣುವಷ್ಟು ಸಂಖ್ಯೆಯಲ್ಲಿದ್ದರು. ಅನುಮಾನ ಮೋಟಾರ್ ಮೇಲೆ ಬಿತ್ತು.

ಕರೆಂಟ್ ಹರಿಯುವ ಪ್ರತಿ ತಂತಿಯ ಸುತ್ತಲೂ ಕಾಂತಕ್ಷೇತ್ರ ಇರುತ್ತದೆ. ಮೋಟಾರ್‌ನ ಪಕ್ಕದಲ್ಲಿ ಅದು ಪ್ರಬಲ, ಒಂದೆರಡು ಅಡಿ ಸರಿದರೆ ಬೇಗನೆ ಕ್ಷೀಣ. ಮೊಬೈಲ್ ಟವರ್‌ನ ತರಂಗಗಳ ಆವರ್ತನ ಇದಕ್ಕಿಂತ ಕೋಟಿ ಪಟ್ಟು ಹೆಚ್ಚು. ವಾಟ್ಸಾಪ್ ಸಂದೇಶಗಳು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತವೆ.

2007ರಲ್ಲಿ ಸ್ವಿಟ್ಜರ್ಲೆಂಡ್‌ನಿಂದ ಇನ್ನೊಂದು ಅಧ್ಯಯನ ಬಂತು. 20 ಸಾವಿರಕ್ಕೂ ಹೆಚ್ಚು ರೈಲ್ವೆ ನೌಕರರ ದಾಖಲೆ ನೋಡಿದಾಗ, ಅಲ್ಝೈಮರ್‌ನಿಂದ ಸಾಯುವ ಅಪಾಯ ಸ್ಟೇಷನ್ ಮಾಸ್ಟರ್‌ಗಳಿಗಿಂತ ರೈಲು ಚಾಲಕರಲ್ಲಿ ಸುಮಾರು ಮೂರು ಪಟ್ಟು ಕಂಡಿತು. ಚಾಲಕರು ಸರಾಸರಿ 21 ಮೈಕ್ರೋಟೆಸ್ಲಾ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದರೆ, ಮಾಸ್ಟರ್‌ಗಳು ಸುಮಾರು 1 ಮೈಕ್ರೋಟೆಸ್ಲಾದಲ್ಲಿ. ಗಮನಿಸಿ: 50 ಹರ್ಟ್ಸ್ ಕರೆಂಟ್‌ಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಕಾರ್ಮಿಕರಿಗೆ ಇಟ್ಟಿರುವ ಮಿತಿ 1000 ಮೈಕ್ರೋಟೆಸ್ಲಾ. ಆದರೆ ಆ ಮಿತಿ ನರ ಮತ್ತು ಸ್ನಾಯುಗಳ ಮೇಲಿನ ತಕ್ಷಣದ ಪರಿಣಾಮವನ್ನು ನೋಡಿ ಇಟ್ಟದ್ದು, ಮೂವತ್ತು ವರ್ಷದ ದುಡಿಮೆಯನ್ನು ಲೆಕ್ಕ ಹಾಕಿ ಅಲ್ಲ.

ಹಾಗಂತ ಅಪರಾಧ ಸಾಬೀತಾಗಿಲ್ಲ. ನಂತರದ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ರೋಗಿಗೆ ನೆನಪಿಲ್ಲದ್ದರಿಂದ ಕೆಲಸದ ವಿವರವನ್ನು ಮನೆಯವರು ಹೇಳಬೇಕು, ಅಲ್ಲೇ ತಪ್ಪು ನುಸುಳುತ್ತದೆ. ಕಡಿಮೆ ಓದಿದವರಲ್ಲಿ ಅಲ್ಝೈಮರ್ ಹೆಚ್ಚು ಎಂಬುದು ಗೊತ್ತಿರುವ ಸಂಗತಿ. ಹೊಲಿಗೆಗೆ ಹೋದವರಲ್ಲಿ ಅನೇಕರು ಅಂಥವರೇ ಇರಬಹುದು. ಕ್ಷೇತ್ರವು ಮಿದುಳಿನ ಕೋಶವನ್ನು ಹೇಗೆ ಕೆಡಿಸುತ್ತದೆ ಎಂಬುದಕ್ಕೂ ಊಹೆಗಳಿವೆ, ಪುರಾವೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸಾಕ್ಷ್ಯ ಸಾಲದು ಎಂದೇ ಹೇಳಿತು.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಗಾರ್ಮೆಂಟ್ಸ್‌ಗಳಲ್ಲಿ ಮಷಿನ್ ಮುಂದೆ ಕೂತವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಹಳೆಯ ಕ್ಲಚ್ ಮೋಟಾರ್ ಹೊಲಿಯದಿದ್ದಾಗಲೂ ಮೇಜಿನಡಿ, ಮೊಣಕಾಲ ಬಳಿ ತಿರುಗುತ್ತಲೇ ಇರುತ್ತದೆ. ಸರ್ವೋ ಮೋಟಾರ್ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ. ಮಾಲೀಕರು ಕರೆಂಟ್ ಬಿಲ್ ಉಳಿಸಲು ಇದನ್ನು ಹಾಕಿಸಿದರೂ ಲಾಭ ಕೂತವರಿಗೂ ಇದೆ. ಸದ್ದೂ ಕಡಿಮೆ.

ಈ ಸದ್ದಿನ ಮಾತು ಸಣ್ಣದಲ್ಲ. ಶ್ರವಣದೋಷ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ ಎಂಬುದಕ್ಕೆ ಕಾಂತಕ್ಷೇತ್ರಕ್ಕಿಂತ ಗಟ್ಟಿ ಆಧಾರವಿದೆ. ಬಿಪಿ, ಶುಗರ್‌ಗೂ ಅಷ್ಟೇ. ಕಿವಿ ಪರೀಕ್ಷೆಗೆ ಮೀಟರ್ ಹಿಡಿದ ವಿಜ್ಞಾನಿ ಬೇಕಿಲ್ಲ, ಇಎಸ್‌ಐ ಕಾರ್ಡ್ ಇದ್ದರೆ ಅಲ್ಲಿನ ವೈದ್ಯರನ್ನೇ ಕೇಳಬಹುದು.