ಹಳೆಯ ಪಿಸ್ತೂಲಿನ ಮೇಲೆ ಯಂತ್ರ ಬಿಟ್ಟ ಗುರುತುಗಳು

ಸಂಗ್ರಹಯೋಗ್ಯವೆನಿಸಿದ ಹಳೆಯ ಪಿಸ್ತೂಲಿನ ಮೇಲೆ ಒರಟು ಗೆರೆಗಳು ಕಂಡರೆ, ಅವು ಬಳಸಿದವರ ಅಜಾಗರೂಕತೆಯ ಫಲವೆಂದು ಭಾವಿಸುವುದು ಸಹಜ. ಆದರೆ ಹಲವು ವೇಳೆ ಅವು ಕಾರ್ಖಾನೆಯಲ್ಲೇ ಮೂಡಿರುತ್ತವೆ. ಈ ವ್ಯತ್ಯಾಸ ತಿಳಿಯದ ಸಂಗ್ರಾಹಕ ತಿದ್ದಿದ ವಸ್ತುವಿಗೆ ದುಬಾರಿ ಬೆಲೆ ತೆರಬೇಕಾದೀತು. ಗೆರೆ ಎಂದು ಮೂಡಿತೆಂಬುದನ್ನು ಪತ್ತೆಹಚ್ಚುವುದು ಹೇಗೆ?

ಜರ್ಮನಿಯ ಪಿ-38 ಪಿಸ್ತೂಲನ್ನೇ ನೋಡೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದನ್ನು ವಾಲ್ಟರ್, ಮೌಸರ್ ಮತ್ತು ಸ್ಪ್ರೀವೆರ್ಕ್ ಸಂಸ್ಥೆಗಳು ತಯಾರಿಸಿದವು. ಯುದ್ಧದ ಒತ್ತಡ ಹೆಚ್ಚಿದಂತೆ ಹೊರಮೈಯನ್ನು ನುಣುಪುಗೊಳಿಸುವ ಕೆಲಸ ಕಡಿಮೆಯಾಯಿತು. ಸ್ಪ್ರೀವೆರ್ಕ್‌ನ ಪಿಸ್ತೂಲುಗಳಂತೂ ಒರಟುತನಕ್ಕೇ ಹೆಸರಾದವು. ಒಳಗೆ ಒಂದಕ್ಕೊಂದು ಬಂಧಿಸುವ ಭಾಗಗಳ ಅಳತೆ ತಪ್ಪುವಂತಿರಲಿಲ್ಲ. ಹೊರಮೈಯ ಗೆರೆಗಳಿಂದ ಕೆಲಸ ಕೆಡುತ್ತಿರಲಿಲ್ಲ.

ಗೆರೆಗಳು ಮೂಡುವುದೇಕೆ?

ಲೇತ್ ಯಂತ್ರದಲ್ಲಿ ಉಕ್ಕಿನ ಸರಳು ಒಂದು ಸುತ್ತು ತಿರುಗುವಷ್ಟರಲ್ಲಿ ಅಲಗು ತುಸು ಮುಂದೆ ಸರಿಯುತ್ತದೆ. ಇದರಿಂದ ಸಮದೂರದ ಸುರುಳಿಗೆರೆ ಉಂಟಾಗುತ್ತದೆ. ಇದು ದೋಷವಲ್ಲ, ಯಂತ್ರದ ಸ್ವಭಾವ. ಅಲಗು ಕಂಪಿಸತೊಡಗಿದರೆ ಮಾತ್ರ ಮೇಲ್ಮೈಯಲ್ಲಿ ಅಲೆಗಳೇಳುತ್ತವೆ. ಒಂದು ಸುತ್ತಿನಲ್ಲಿ ಉಳಿದ ಅಲೆಯನ್ನು ಅಲಗು ಮುಂದಿನ ಸುತ್ತಿನಲ್ಲಿ ಎದುರಿಸುತ್ತದೆ. ಕತ್ತರಿಸುವ ಪದರದ ದಪ್ಪ ಏರಿಳಿಯುತ್ತದೆ, ಬಲವೂ ಏರಿಳಿಯುತ್ತದೆ, ಕಂಪನ ಇನ್ನಷ್ಟು ಬೆಳೆಯುತ್ತದೆ.

ಉಕ್ಕಿನ ಮೇಲ್ಮೈ ಸೆಕೆಂಡಿಗೆ 300 ಮಿ.ಮೀ. ವೇಗದಲ್ಲಿ ಚಲಿಸುತ್ತಿದ್ದು, ಅಲಗು ಸೆಕೆಂಡಿಗೆ 200 ಬಾರಿ ಕಂಪಿಸುತ್ತಿದೆ ಎಂದಿಟ್ಟುಕೊಳ್ಳಿ. ಅಲೆಗಳ ನಡುವಿನ ಅಂತರ 300÷200, ಅಂದರೆ 1.5 ಮಿ.ಮೀ. ಕಣ್ಣಿಗೇ ಕಾಣುವಷ್ಟು! ಇಂಥ ಕ್ರಮಬದ್ಧ ಅಂತರ ಕೈಯಿಂದ ಉಜ್ಜಿದ ಗೀರುಗಳಲ್ಲಿ ಇರುವುದಿಲ್ಲ.

ಮೊದಲು ಯಾವುದು, ಅನಂತರ ಯಾವುದು?

ಕಾರ್ಖಾನೆಯಲ್ಲಿ ಮೊದಲು ಕತ್ತರಿಸುವಿಕೆ, ಕೊನೆಗೆ ಬ್ಲೂಯಿಂಗ್. ಬ್ಲೂಯಿಂಗ್ ಎಂದರೆ ಉಕ್ಕಿನ ಮೇಲೆ ಕಪ್ಪು ಕಬ್ಬಿಣದ ಆಕ್ಸೈಡಿನ ಪದರ ಬೆಳೆಸುವುದು. ಅದರ ದಪ್ಪ ಒಂದೆರಡು ಮೈಕ್ರೋಮೀಟರ್ ಅಷ್ಟೆ. ಗೆರೆಗಳನ್ನು ಅದು ತುಂಬಲಾರದು, ಮುಚ್ಚಲಾರದು. ಆದ್ದರಿಂದ ಕಾರ್ಖಾನೆಯ ಗೆರೆಯ ತಳದಲ್ಲೂ ಅದೇ ಪದರವಿರುತ್ತದೆ. ಅನಂತರ ಬಿದ್ದ ಗೀರು ಪದರವನ್ನು ಸೀಳಿರುತ್ತದೆ.

ಯಾರಾದರೂ ಉಜ್ಜಿ ಮತ್ತೆ ಬ್ಲೂಯಿಂಗ್ ಮಾಡಿದ್ದರೆ? ಆಗ ಅಕ್ಷರಗಳನ್ನು ಗಮನಿಸಬೇಕು. ಅಚ್ಚು ಒತ್ತಿದಾಗ ಲೋಹ ಪಕ್ಕಕ್ಕೆ ಸರಿದು ಅಕ್ಷರದ ಅಂಚಿನಲ್ಲಿ ಸಣ್ಣ ದಿಂಡು ಏಳುತ್ತದೆ. ಉಜ್ಜಿದರೆ ಈ ದಿಂಡು ಅಳಿಯುತ್ತದೆ, ಮೂಲೆಗಳು ದುಂಡಗಾಗುತ್ತವೆ. ಹಾಗಾಗಿ ಯುದ್ಧದ ಕೊನೆಯ ಕಾಲದ ಪಿಸ್ತೂಲು ಕನ್ನಡಿಯಂತೆ ಹೊಳೆಯುತ್ತಿದ್ದರೆ ಸಂಶಯಪಡಬೇಕು.

ಅಚ್ಚೂ ದೋಷ ಉಳಿಸುವುದುಂಟು. ಸ್ಪ್ರೀವೆರ್ಕ್‌ನ ಸಂಕೇತ ಸಿ-ವೈ-ಕ್ಯೂ. ಅಚ್ಚಿನಲ್ಲಿ 'ವೈ' ಅಕ್ಷರದ ಬಾಲ ಮುರಿದುದರಿಂದ ಕೊನೆಯ ಪಿಸ್ತೂಲುಗಳಲ್ಲಿ ಅದು ಸಿ-ವಿ-ಕ್ಯೂ ಎಂದು ಕಾಣುತ್ತದೆ. ಈ ದೋಷವೇ ಅವುಗಳ ಕಾಲವನ್ನು ಸೂಚಿಸುತ್ತದೆ. ಅದನ್ನು 'ಸರಿಪಡಿಸಿ'ದರೆ ಸಾಕ್ಷ್ಯವೇ ನಾಶವಾದಂತೆ.

ಮಾಡಿ ನೋಡಿ

ಲೇತ್ ಅಂಗಡಿಯಿಂದ ಉಜ್ಜದ ಸರಳಿನ ತುಂಡೊಂದನ್ನು ತನ್ನಿ. ಮಸೂರದಲ್ಲಿ ನೋಡಿ 10 ಮಿ.ಮೀ. ಉದ್ದದಲ್ಲಿರುವ ಗೆರೆಗಳನ್ನು ಎಣಿಸಿ. 50 ಗೆರೆಗಳಿದ್ದರೆ ಅಲಗು ಸುತ್ತಿಗೆ 0.2 ಮಿ.ಮೀ. ಸರಿದಿದೆ. ಅಂಗಡಿಯವರನ್ನು ಕೇಳಿ ಉತ್ತರವನ್ನು ತಾಳೆ ನೋಡಿ.